ಎಷ್ಟು ಕೊಡುತ್ತದೆ?

ಹಸುವನ್ನು ಕೊಳ್ಳಲು ಸಂತೆಗೆ ಹೋದವನು ಮೊದಲು ಕೇಳುವ ಮಾತು 'ಎಷ್ಟು ಕೊಡುತ್ತೆ?' ಎಂಬುದು. ಏನನ್ನು ಎಂದು ಬಿಡಿಸಿ ಹೇಳಬೇಕಾದ ಅಗತ್ಯ ಅಲ್ಲಿಲ್ಲ. ನಮ್ಮಲ್ಲಿ ಕಾರನ್ನು ಕೊಳ್ಳಲು ಹೋದವನು ಕೇಳುವ ಮೊದಲ ಮಾತೂ ಇದೇ. ಲೀಟರಿಗೆ ಎಷ್ಟು ಕಿಲೋಮೀಟರು ಎಂಬುದು ಅದರೊಳಗೆ ಅಡಕವಾಗಿದೆ. ಹಿಂದಿಯಲ್ಲಿಯೂ ಇದೇ ಕ್ರಿಯಾಪದ. ಆ ಪ್ರಶ್ನೆಯನ್ನೇ ಮಾರುತಿ ಕಂಪನಿ ಒಂದು ಕಾಲಕ್ಕೆ ತನ್ನ ಜಾಹೀರಾತಿನ ಪಲ್ಲವಿಯನ್ನಾಗಿ ಮಾಡಿಕೊಂಡದ್ದು ಹಲವರಿಗೆ ನೆನಪಿರಬಹುದು. ಕಾರಿನ ರಸಿಕರಿಗೆ ಈ ಪ್ರಶ್ನೆ ಕಿವಿಗೆ ಕಾದ ಸೀಸ. ಯಂತ್ರದ ಸೊಗಸು, ತಿರುವಿನಲ್ಲಿ ಅದು ರಸ್ತೆಯನ್ನು ಹಿಡಿದು ನಿಲ್ಲುವ ಬಗೆ, ಗೇರಿನ ಮೃದುತ್ವ, ಇವುಗಳನ್ನೆಲ್ಲ ಬಿಟ್ಟು ಹಾಲಿನ ಲೆಕ್ಕ ಕೇಳುತ್ತಾರಲ್ಲ ಎಂದು ಅವರು ನೊಂದುಕೊಳ್ಳುತ್ತಾರೆ. ನನಗೆ ಅವರ ನೋವು ಅರ್ಥವಾಗುತ್ತದೆ. ಆದರೆ ಪ್ರಶ್ನೆ ಕೇಳುವವನ ಪಕ್ಷವೇ ಹೆಚ್ಚು ಬಲವಾದದ್ದೆಂದು ತೋರುತ್ತದೆ. ಕಾರಿನ ಬೆಲೆಯನ್ನು ಒಮ್ಮೆ ಕೊಟ್ಟು ಮುಗಿಸಬಹುದು. ಪೆಟ್ರೋಲಿನ ಬೆಲೆಯನ್ನು ಅದು ಓಡುವಷ್ಟು ಕಾಲವೂ ಕೊಡುತ್ತಲೇ ಇರಬೇಕು.

ಬೆಲೆ, ಇಂಧನ, ಹೆಸರು - ಕಾರಿನ ವಿಚಾರದಲ್ಲಿ ಜನ ವಾದಿಸುವುದೆಲ್ಲ ಸಾಮಾನ್ಯವಾಗಿ ಈ ಮೂರರ ಸುತ್ತಲೇ ತಿರುಗುತ್ತದೆ. ಆದರೆ ನಮ್ಮ ದೇಶದಲ್ಲಿ ಈ ವಾದಕ್ಕೆ ವಯಸ್ಸು ಬಹಳವಾಗಿಲ್ಲ. ವಾದಕ್ಕೆ ಆಯ್ಕೆ ಬೇಕು, ಆಯ್ಕೆ ಇರಲಿಲ್ಲ. ಕಲ್ಕತ್ತೆಯ ಬಳಿಯ ಉತ್ತರಪಾಡಾದಲ್ಲಿ ಅಂಬಾಸಿಡರ್, ಮುಂಬಯಿಯಲ್ಲಿ ಫಿಯೆಟ್, ಮದರಾಸಿನಲ್ಲಿ ಸ್ಟ್ಯಾಂಡರ್ಡ್: ಈ ಮೂರು ಊರು, ಮೂರು ಹೆಸರು ಹೇಳಿದರೆ ದೇಶದ ಕಾರುಗಳ ಪಟ್ಟಿ ಹೆಚ್ಚುಕಡಮೆ ಮುಗಿಯುತ್ತಿತ್ತು. 1969ರಿಂದ ಕೆಲವು ವರ್ಷ ಕಾರಿನ ಬೆಲೆಯನ್ನು ಸರ್ಕಾರವೇ ಗೊತ್ತುಮಾಡುತ್ತಿತ್ತು. ಆ ಬೆಲೆ ಸಾಲದೆಂದು ತಯಾರಕರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದರು. ಇಂಥ ಸ್ಥಿತಿಯಲ್ಲಿ ಕಂಪನಿಗೆ ಗಿರಾಕಿಯನ್ನು ಒಲಿಸಿಕೊಳ್ಳುವ ತಂತ್ರವೇಕೆ? ಹಣ ಕಟ್ಟಿ, ಚೀಟಿ ಪಡೆದು, ವರ್ಷಗಟ್ಟಲೆ ಕಾಯುವವನು ಗಿರಾಕಿಯಲ್ಲ, ಅರ್ಜಿದಾರ. ಅವನಿಗೆ ಕೊನೆಗೆ ಕೈಗೆ ಬರುವುದು ಮಾರಿದ ವಸ್ತುವಲ್ಲ, ಮಂಜೂರಾದ ವಸ್ತು.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಕಾರಿನ ಬೀಗದ ಕೈಯನ್ನು ಪ್ರಧಾನಿ ಇಂದಿರಾ ಗಾಂಧಿಯವರು ದೆಹಲಿಯ ಹರ್‌ಪಾಲ್ ಸಿಂಗ್ ಎಂಬವರಿಗೆ ಕೊಟ್ಟರು. ಬೆಲೆ 47,500 ರೂಪಾಯಿ. 796 ಸಿಸಿಯ, ಮೂರು ಸಿಲಿಂಡರಿನ ಪುಟ್ಟ ಇಂಜಿನು. ಶಕ್ತಿ ಹರಿಯುವುದು ಮುಂದಿನ ಚಕ್ರಗಳಿಗೆ. ಅಂಬಾಸಿಡರಿನ ತೂಕ ಒಂದು ಟನ್ನಿಗೂ ಮೇಲೆ. ಇದರದು ಅದರ ಮೂರನೆಯ ಎರಡು ಪಾಲನ್ನೂ ಮುಟ್ಟುತ್ತಿರಲಿಲ್ಲ. ಇಷ್ಟು ಹಗುರವಾದದ್ದನ್ನು ಕಂಡು ಆಗಿನ ರಸಿಕರು ಸಾಬೂನಿನ ಪೆಟ್ಟಿಗೆ ಎಂದು ನಕ್ಕದ್ದುಂಟು. ಆದರೆ ಅದರ ಗುಟ್ಟೇ ಆ ಹಗುರ. ಊರಿನ ಓಡಾಟದಲ್ಲಿ ಕಾರು ಪ್ರತಿ ಸಲ ನಿಂತು ಹೊರಡುವಾಗಲೂ ತನ್ನ ಮೈಭಾರವನ್ನೆಲ್ಲ ಹೊಸದಾಗಿ ತಳ್ಳಿಕೊಳ್ಳಬೇಕು. ಬ್ರೇಕು ತುಳಿದಾಗ ಆ ಶ್ರಮವೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಭಾರ ಕಡಮೆಯಾದಷ್ಟೂ ಈ ನಷ್ಟ ಕಡಮೆ. ಜಪಾನಿನ ಸುಜುಕಿ ಕಂಪನಿಯವರು ತಮ್ಮ ದೇಶದ ಇಕ್ಕಟ್ಟಾದ ಓಣಿಗಳಲ್ಲಿ ಕಲಿತ ಪಾಠ ನಮ್ಮ ಪೇಟೆಬೀದಿಗೂ ಹೊಂದಿತು. ಆ ಕಾರು 2014ರ ಜನವರಿಯವರೆಗೆ ತಯಾರಾಗುತ್ತಿತ್ತೆಂಬುದನ್ನು ನೆನೆದರೆ ನಕ್ಕವರು ಎಷ್ಟು ಅವಸರಪಟ್ಟಿದ್ದರೆಂಬುದು ತಿಳಿಯುತ್ತದೆ. ಅಂಬಾಸಿಡರ್ ಕೂಡ ಅದೇ ವರ್ಷದ ಮೇ ತಿಂಗಳಲ್ಲಿ ನಿಂತಿತು. ಗೆದ್ದದ್ದೂ ಸೋತದ್ದೂ ಒಂದೇ ವರ್ಷ ಕಣ್ಮುಚ್ಚಿದವು.

ಇನ್ನು 'ಎಷ್ಟು ಕೊಡುತ್ತದೆ' ಎಂಬ ಪ್ರಶ್ನೆಗೆ ಕಂಪನಿಯವರು ಕೊಡುವ ಉತ್ತರದ ವಿಷಯ. ಲೀಟರಿಗೆ 20, 24 ಎಂದು ಜಾಹೀರಾತಿನಲ್ಲಿ ಅಚ್ಚಾಗುತ್ತದೆ. ಮನೆಗೆ ತಂದ ಮೇಲೆ 14, 15 ಬಂದರೆ ಪುಣ್ಯ. ಕೊಂಡವರು ಇದನ್ನು ಸುಳ್ಳೆನ್ನುತ್ತಾರೆ. ಅದು ಸುಳ್ಳಲ್ಲ, ಬೇರೊಂದು ಲೋಕದ ಸತ್ಯ. ಪರೀಕ್ಷೆ ನಡೆಯುವುದು ರಸ್ತೆಯಲ್ಲಲ್ಲ. ಪುಣೆಯಲ್ಲಿರುವಂಥ ಪ್ರಯೋಗಶಾಲೆಗಳಲ್ಲಿ, ಉರುಳೆಗಳ ಮೇಲೆ. ಕಾರು ನಿಂತಲ್ಲೇ ಇರುತ್ತದೆ, ಕೆಳಗಿನ ಉರುಳೆಗಳು ತಿರುಗುತ್ತವೆ. ಸುಮಾರು 20 ನಿಮಿಷಗಳ ಕಾಲ ಇಷ್ಟು ಕ್ಷಣ ನಿಲ್ಲು, ಇಷ್ಟು ವೇಗಕ್ಕೆ ಏರು, ಇಳಿ ಎಂದು ಮೊದಲೇ ಬರೆದಿಟ್ಟ ತಾಳಕ್ಕೆ ತಕ್ಕಂತೆ ಚಾಲಕ ನಡೆಸುತ್ತಾನೆ. ವೇಗ ಗಂಟೆಗೆ 90 ಕಿಲೋಮೀಟರಿಗೆ ಮೀರುವುದಿಲ್ಲ. ಏರ್ ಕಂಡಿಷನರ್ ಆರಿಸಿರುತ್ತದೆ. ಇನ್ನೊಂದು ಸ್ವಾರಸ್ಯವೆಂದರೆ ಅಲ್ಲಿ ಟ್ಯಾಂಕಿಗೆ ಕಡ್ಡಿ ಇಳಿಸಿ ಪೆಟ್ರೋಲನ್ನು ಅಳೆಯುವುದಿಲ್ಲ. ಹಿಂದಿನ ಕೊಳವೆಯಿಂದ ಬಂದ ಹೊಗೆಯನ್ನು ಚೀಲದಲ್ಲಿ ಹಿಡಿದು, ಅದರಲ್ಲಿರುವ ಇಂಗಾಲದ ಪ್ರಮಾಣದಿಂದ ಉರಿದ ಇಂಧನವೆಷ್ಟೆಂದು ಲೆಕ್ಕಹಾಕುತ್ತಾರೆ. ಇಲ್ಲಿ ಎತ್ತಿನ ಗಾಡಿ ಅಡ್ಡ ಬರುವುದಿಲ್ಲ, ಮದುವೆಯ ದಿಬ್ಬಣ ದಾರಿ ಕಟ್ಟುವುದಿಲ್ಲ, ಆಗುಂಬೆಯ ಘಟ್ಟ ಹತ್ತಬೇಕಾಗಿಲ್ಲ. ಎಲ್ಲ ಕಾರುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಈ ಏರ್ಪಾಡು ಬೇಕು. ಒಂದಕ್ಕಿಂತ ಇನ್ನೊಂದು ಹೆಚ್ಚೋ ಕಡಮೆಯೋ ಎಂಬುದನ್ನು ಈ ಅಂಕಿ ಹೇಳುತ್ತದೆ. ನಿಮ್ಮ ಜೇಬಿಗೆ ಎಷ್ಟು ಉಳಿಯಿತೆಂಬುದನ್ನು ಹೇಳುವುದಿಲ್ಲ.

ಈ ಅಂಕಿಯಲ್ಲಿಯೇ ಒಂದು ಮೋಸದ ಗಂಟು ಇದೆ. ರಸಿಕರೂ ಇದನ್ನು ಎಷ್ಟೋ ಸಲ ಗಮನಿಸುವುದಿಲ್ಲ. ಲೀಟರಿಗೆ 20 ಕಿಲೋಮೀಟರು ಓಡುವ ಕಾರನ್ನು ಬಿಟ್ಟು 24 ಓಡುವುದನ್ನು ಕೊಂಡವನು ತಾನು ಬಹಳ ಉಳಿಸಿದೆನೆಂದು ಬೀಗುತ್ತಾನೆ. ವರ್ಷಕ್ಕೆ 10,000 ಕಿಲೋಮೀಟರಿಗೆ ಅವನು ಉಳಿಸಿದ್ದು ಸುಮಾರು 83 ಲೀಟರು. ಹತ್ತು ಓಡುವ ಹಳೆಯ ದೊಡ್ಡ ಗಾಡಿಯನ್ನು ಬಿಟ್ಟು 12 ಓಡುವುದನ್ನು ಕೊಂಡವನು ನಾಚಿಕೆಯಿಂದ ಸುಮ್ಮನಿರುತ್ತಾನೆ. ಆದರೆ ಅವನು ಉಳಿಸಿದ್ದು 167 ಲೀಟರು, ಮೊದಲನೆಯವನ ಎರಡರಷ್ಟು. ಯೂರೋಪಿನಲ್ಲಿ ಲೀಟರಿಗೆ ಎಷ್ಟು ದೂರ ಎನ್ನದೆ, ನೂರು ಕಿಲೋಮೀಟರಿಗೆ ಎಷ್ಟು ಲೀಟರು ಎಂದು ಹೇಳುವ ರೂಢಿ ಇರುವುದರಿಂದ ಈ ಭ್ರಮೆಗೆ ಅಲ್ಲಿ ಎಡೆ ಕಡಮೆ. ನಾವು ಹಸು ಎಷ್ಟು ಕೊಡುತ್ತದೆಂದು ಕೇಳುತ್ತೇವೆ. ಅವರು ಎಷ್ಟು ತಿನ್ನುತ್ತದೆಂದು ಕೇಳುತ್ತಾರೆ.

ಡೀಸೆಲಿನ ಕಥೆಯೂ ಇಂಥದೇ ಲೆಕ್ಕದ್ದು. 2010ರ ಜೂನ್‌ನಲ್ಲಿ ಪೆಟ್ರೋಲಿನ ಬೆಲೆಯನ್ನು ಸರ್ಕಾರ ಮಾರುಕಟ್ಟೆಗೆ ಬಿಟ್ಟಿತು. ಡೀಸೆಲನ್ನು ಮಾತ್ರ 2014ರ ಅಕ್ಟೋಬರ್‌ವರೆಗೆ ಕೈಹಿಡಿದು ನಡೆಸಿತು. ರೈತನ ಪಂಪು, ಲಾರಿ, ಬಸ್ಸುಗಳಿಗೆಂದು ಇಳಿಸಿಟ್ಟ ಬೆಲೆ ಅದು. 2012ರಲ್ಲಿ ದೆಹಲಿಯಲ್ಲಿ ಪೆಟ್ರೋಲು 70 ರೂಪಾಯಿ ದಾಟಿದಾಗ ಡೀಸೆಲು 41ರ ಆಸುಪಾಸಿನಲ್ಲಿತ್ತು. ಮಧ್ಯಮವರ್ಗವೆಲ್ಲ ಡೀಸೆಲ್ ಕಾರಿಗೆ ಮುಗಿಬಿದ್ದಿತು. ಕಂಪನಿಗಳು ಆ ಇಂಜಿನಿಗೆ ಒಂದು ಲಕ್ಷ ಹೆಚ್ಚು ಕೇಳಿದವು. ಉದಾಹರಣೆಗೆ ಪೆಟ್ರೋಲು ಲೀಟರಿಗೆ 70 ರೂಪಾಯಿ, ಓಟ 14 ಕಿಲೋಮೀಟರು ಎಂದಿಟ್ಟುಕೊಂಡರೆ ಕಿಲೋಮೀಟರಿಗೆ ಐದು ರೂಪಾಯಿ. ಡೀಸೆಲು 40 ರೂಪಾಯಿ, ಓಟ 20 ಎಂದರೆ ಎರಡು ರೂಪಾಯಿ. ಮೂರು ರೂಪಾಯಿಯಂತೆ ಉಳಿಸುತ್ತ ಆ ಒಂದು ಲಕ್ಷವನ್ನು ತೀರಿಸಲು 33,000 ಕಿಲೋಮೀಟರಿಗಿಂತ ಹೆಚ್ಚು ಓಡಬೇಕು. ಕಚೇರಿಗೆ ಬಸ್ಸಿನಲ್ಲಿ ಹೋಗಿ, ಭಾನುವಾರ ಮಾತ್ರ ಕಾರನ್ನು ತೆಗೆಯುವ ಸದ್ಗೃಹಸ್ಥನಿಗೆ ಇದು ಏಳೆಂಟು ವರ್ಷಗಳ ಮಾತು. ಅಷ್ಟರಲ್ಲಿ ಎರಡು ಬೆಲೆಗಳ ನಡುವಿನ ಕಂದರವೇ ಬಹುಪಾಲು ಮುಚ್ಚಿಹೋಯಿತು. 2020ರ ಏಪ್ರಿಲ್‌ನಲ್ಲಿ ಹೊಗೆಯ ನಿಯಮ ಬಿಗಿಯಾದಾಗ ಮಾರುತಿ ಡೀಸೆಲ್ ಕಾರುಗಳಿಗೆ ಕೈಮುಗಿಯಿತು.

ಕಾರಿನ ಆಕಾರವನ್ನು ಶಿಲ್ಪಿ ರೂಪಿಸುತ್ತಾನೆಂದು ನಾವು ತಿಳಿದಿರುತ್ತೇವೆ. ನಮ್ಮಲ್ಲಿ ಅದನ್ನು ರೂಪಿಸಿದವನು ಅರ್ಥಸಚಿವ. 2006ರ ಮುಂಗಡಪತ್ರದಲ್ಲಿ, ನಾಲ್ಕು ಮೀಟರಿಗೆ ಮೀರದ ಉದ್ದ, 1200 ಸಿಸಿಯೊಳಗಿನ ಪೆಟ್ರೋಲ್ ಅಥವಾ 1500 ಸಿಸಿಯೊಳಗಿನ ಡೀಸೆಲ್ ಇಂಜಿನು ಇರುವ ಕಾರಿಗೆ ಅಬಕಾರಿ ಸುಂಕವನ್ನು ನೂರಕ್ಕೆ 24ರಿಂದ 16ಕ್ಕೆ ಇಳಿಸಲಾಯಿತು. ಕೂಡಲೇ ಕಾರುಗಳ ಬಾಲ ಮೊಟಕಾಗತೊಡಗಿತು. ಟಾಟಾ ಕಂಪನಿ 2008ರಲ್ಲಿ ಇಂಡಿಗೊ ಕಾರಿನ ಡಿಕ್ಕಿಯನ್ನು ಕತ್ತರಿಸಿ ನಾಲ್ಕು ಮೀಟರಿನೊಳಗೆ ತಂದಿತು. ಮಾರುತಿಯ ಡಿಜೈರ್ 4,160 ಮಿಲಿಮೀಟರ್ ಇದ್ದದ್ದು 2012ರಲ್ಲಿ 3,995ಕ್ಕೆ ಇಳಿಯಿತು. ಹಿಂಭಾಗವನ್ನು ಗರಗಸದಿಂದ ಕೊಯ್ದಂತಿದೆಯೆಂದು ರಸಿಕರು ಹಲುಬಿದರು. ಕೊಳ್ಳುವವರು ಸಾಲುಗಟ್ಟಿ ಕೊಂಡರು. ಪ್ರಪಂಚದ ಬೇರೆಡೆ ಇಷ್ಟು ಬಗೆಯ ಮೋಟು ಸೆಡಾನುಗಳನ್ನು ಒಟ್ಟಿಗೆ ಕಾಣುವುದು ಕಷ್ಟ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ತೆರಿಗೆಯಲ್ಲಿಯೂ ಇದೇ ಅಳತೆಪಟ್ಟಿ ಉಳಿಯಿತು: ಗೆರೆಯ ಈಚೆ ನೂರಕ್ಕೆ 18, ಆಚೆ 40.

ಇಷ್ಟರ ನಡುವೆ ಬೆಲೆಯನ್ನೇ ಹೆಸರನ್ನಾಗಿ ಮಾಡಿಕೊಂಡ ಕಾರೊಂದು ಬಂದು ಹೋಯಿತು. ನಾನು ಈ ಮಾತುಕತೆಗೆ ಕೈಹಾಕಿದ್ದು ಮುಖ್ಯವಾಗಿ ಅದರ ನೆನಪಿನಿಂದ. ಮಳೆಯಲ್ಲಿ ಒಂದೇ ಸ್ಕೂಟರಿನ ಮೇಲೆ ಗಂಡ, ಹೆಂಡತಿ, ಮಕ್ಕಳು ಒಬ್ಬರಿಗೊಬ್ಬರು ಅಂಟಿಕೊಂಡು ಹೋಗುವುದನ್ನು ಕಂಡು, ಇಂಥ ಸಂಸಾರಕ್ಕೆ ಇನ್ನಷ್ಟು ಕ್ಷೇಮವಾದ ವಾಹನ ಬೇಡವೆ ಎಂಬ ಯೋಚನೆ ತಮಗೆ ಬಂದಿತೆಂದು ರತನ್ ಟಾಟಾ ಹೇಳಿದ್ದರು. 2003ರಲ್ಲಿ ಜಿನೀವಾದ ಮೋಟಾರು ಪ್ರದರ್ಶನದ ವೇಳೆ ಆಂಗ್ಲ ಪತ್ರಿಕೆಯೊಂದರ ಪ್ರಶ್ನೆಗೆ ಬಾಯಿಮಾತಾಗಿ ಒಂದು ಲಕ್ಷವಾಗಬಹುದು ಎಂದದ್ದು ತಲೆಬರಹವಾಗಿಬಿಟ್ಟಿತು. ಅಲ್ಲಗಳೆಯಬಹುದಾಗಿತ್ತು, ಅವರು ಅದನ್ನೇ ಗುರಿಯಾಗಿ ಹಿಡಿದರು. 2008ರ ಜನವರಿ 10ರಂದು ದೆಹಲಿಯ ಪ್ರದರ್ಶನದಲ್ಲಿ ನ್ಯಾನೊ ಕಾರನ್ನು ಪರದೆ ಸರಿಸಿ ತೋರಿಸಿದಾಗ ಅವರಾಡಿದ ಮಾತು, ಕೊಟ್ಟ ಮಾತು ಕೊಟ್ಟ ಮಾತೇ ಎಂಬರ್ಥದ್ದು.

ಒಂದು ಲಕ್ಷಕ್ಕೆ ಕಾರನ್ನು ಮಾಡುವುದೆಂದರೆ, ಪ್ರತಿಯೊಂದು ಬಿಡಿಭಾಗದ ಮುಂದೆಯೂ ನಿಂತು 'ನೀನು ಇರಲೇಬೇಕೆ?' ಎಂದು ಕೇಳುವುದು. ಎರಡು ಸಿಲಿಂಡರಿನ 624 ಸಿಸಿ ಇಂಜಿನು ಹಿಂಭಾಗಕ್ಕೆ ಹೋಯಿತು. ಗಾಜು ಒರೆಸುವ ಕೈ ಒಂದೇ. ಚಕ್ರಕ್ಕೆ ನಾಲ್ಕರ ಬದಲು ಮೂರು ನಟ್ಟು. ಹಿಂದಿನ ಡಿಕ್ಕಿಗೆ ಹೊರಗಿನಿಂದ ಬಾಗಿಲೇ ಇಲ್ಲ. ಸೀಟನ್ನು ಮಡಚಿ ಒಳಗಿನಿಂದ ಕೈಹಾಕಬೇಕು. ಆದರೂ ಒಳಗೆ ನಾಲ್ಕು ಜನ ಕಾಲು ಚಾಚಿ ಕೂರಬಹುದಾಗಿತ್ತು. ಮಾರುತಿ 800ಕ್ಕಿಂತ ಉದ್ದದಲ್ಲಿ ಚಿಕ್ಕದಾಗಿಯೂ ಒಳಗಿನ ಅವಕಾಶ ಹೆಚ್ಚಾಗಿತ್ತು. ಪರೀಕ್ಷೆಯಲ್ಲಿ ಲೀಟರಿಗೆ 23.6 ಕಿಲೋಮೀಟರು. ಇಂಜಿನಿಯರುಗಳ ಕಣ್ಣಿನಿಂದ ನೋಡಿದರೆ ಇದೊಂದು ಅಪರೂಪದ ಕೃತಿ. ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ ಜಮೀನಿನ ಗಲಭೆಯಾಗಿ 2008ರ ಅಕ್ಟೋಬರ್‌ನಲ್ಲಿ ಕಂಪನಿ ಅಲ್ಲಿಂದ ಕಾಲ್ತೆಗೆದಾಗ, ಬೇರೆ ರಾಜ್ಯಗಳಂತೆ ಕರ್ನಾಟಕವೂ ಧಾರವಾಡದ ಕಡೆ ನೆಲ ಕೊಡಲು ಮುಂದಾಗಿತ್ತು. ಕಾರ್ಖಾನೆ ಗುಜರಾತಿನ ಸಾನಂದಕ್ಕೆ ಹೋಯಿತು. 2009ರ ಮಾರ್ಚ್‌ನಲ್ಲಿ ಮಾರಾಟ ಘೋಷಣೆಯಾದಾಗ ಎರಡು ಲಕ್ಷಕ್ಕಿಂತ ಹೆಚ್ಚು ಮಂದಿ ಹಣ ಕಟ್ಟಿದರು. ಮೊದಲ ಒಂದು ಲಕ್ಷ ಜನರನ್ನು ಚೀಟಿ ಎತ್ತಿ ಆರಿಸಬೇಕಾಯಿತು.

ಮುಂದೆ ಆದದ್ದು ನಮಗೆಲ್ಲ ತಿಳಿದಿದೆ. ವರ್ಷಕ್ಕೆ ಎರಡೂವರೆ ಲಕ್ಷ ಕಾರುಗಳನ್ನು ಮಾಡಬಲ್ಲ ಕಾರ್ಖಾನೆ. ಮಾರಾಟ ಅತಿ ಹೆಚ್ಚಾದ ವರ್ಷದಲ್ಲಿಯೂ ಮುಕ್ಕಾಲು ಲಕ್ಷವನ್ನು ಮುಟ್ಟಲಿಲ್ಲ. ಕೆಲವು ಕಾರುಗಳಿಗೆ ಬೆಂಕಿ ಹತ್ತಿಕೊಂಡ ಸುದ್ದಿ ಹೆಸರನ್ನು ಇನ್ನಷ್ಟು ಕೆಡಿಸಿತು. 2018ರ ಜೂನ್ ತಿಂಗಳಲ್ಲಿ ತಯಾರಾದದ್ದು ಒಂದೇ ಒಂದು ಕಾರು.

ಏಕೆ ಹೀಗಾಯಿತು? ಅಗ್ಗದ ಕಾರು ಎಂದು ಸಾರಿದ್ದೇ ಅದಕ್ಕೆ ಮುಳುವಾಯಿತೆಂದು ಎಲ್ಲರೂ ಹೇಳುತ್ತಾರೆ. ರತನ್ ಟಾಟಾ ಅವರೂ ಮುಂದೆ ಈ ಅರ್ಥದ ಮಾತನ್ನೇ ಹೇಳಿದರು. ನಮ್ಮಲ್ಲಿ ಕಾರು ಬರಿಯ ವಾಹನವಲ್ಲ. ಅದು ಮನೆಯ ಮುಂದೆ ನಿಂತು ಬೀದಿಗೆ ಒಂದು ಸುದ್ದಿಯನ್ನು ಹೇಳುತ್ತದೆ. 'ಇವರು ಎಲ್ಲಕ್ಕಿಂತ ಅಗ್ಗದ್ದನ್ನು ತಂದರು' ಎಂಬ ಸುದ್ದಿಯನ್ನು ದಿನವೂ ಹೇಳುವ ಕಾರನ್ನು ಹಣಕೊಟ್ಟು ಯಾರು ತರುತ್ತಾರೆ? ಈ ವಿವರಣೆ ಸರಿಯೇ. ಆದರೆ ಇಷ್ಟೇ ಅಲ್ಲವೆಂದು ನನಗೆ ತೋರುತ್ತದೆ. ಒಂದು ಲಕ್ಷವೆಂಬುದು ಕಾರ್ಖಾನೆಯ ಬಾಗಿಲಿನ ಮಾತು. ತೆರಿಗೆ, ಸಾಗಣೆ, ವಿಮೆ ಸೇರಿ ಅಂಗಡಿಯಲ್ಲಿ ಕೇಳುತ್ತಿದ್ದದ್ದು ಮೊದಲಿಗೇ ಒಂದೂಕಾಲು ಲಕ್ಷದ ಹತ್ತಿರ; ಏರ್ ಕಂಡಿಷನರ್ ಇರುವುದಕ್ಕೆ ಇನ್ನೂ ಹೆಚ್ಚು. ಆ ಹಣಕ್ಕೆ ನಾಲ್ಕೈದು ವರ್ಷ ಓಡಿದ ಮಾರುತಿ ಸಿಗುತ್ತಿತ್ತು. ಅದನ್ನು ನೋಡಿ ಯಾರೂ ಮೂಗು ಮುರಿಯುತ್ತಿರಲಿಲ್ಲ, ಯಾವ ಹಳ್ಳಿಯ ಮೆಕ್ಯಾನಿಕ್ಕೂ ಅದನ್ನು ರಿಪೇರಿ ಮಾಡಬಲ್ಲವನಾಗಿದ್ದ. ಇನ್ನು ಸ್ಕೂಟರಿನವನ ಲೆಕ್ಕ ನೋಡಿ. ಅವನ ಗಾಡಿ ಲೀಟರಿಗೆ 45, 50 ಕಿಲೋಮೀಟರು ಓಡುತ್ತಿತ್ತು. ನ್ಯಾನೊ ಎಷ್ಟೇ ಮಿತವ್ಯಯಿಯಾದರೂ ಅವನ ಪೆಟ್ರೋಲಿನ ಖರ್ಚು ಎರಡು ಪಟ್ಟಿಗೂ ಮೇಲಾಗುತ್ತಿತ್ತು. ಜೊತೆಗೆ ವಿಮೆ, ನಿಲ್ಲಿಸಲು ಜಾಗ. ಯಾರ ಮೇಲಿನ ಕನಿಕರದಿಂದ ಆ ಕಾರು ಹುಟ್ಟಿತೋ ಅವನಿಗೆ ಅಡ್ಡವಾಗಿದ್ದದ್ದು ಕೊಳ್ಳುವ ಬೆಲೆಯೊಂದೇ ಆಗಿರಲಿಲ್ಲ, ಸಾಕುವ ಬೆಲೆಯೂ ಆಗಿತ್ತು. ಅವನು ಮಳೆಯಲ್ಲಿ ಸ್ಕೂಟರಿನ ಮೇಲೆಯೇ ಉಳಿದ.

ಅಗ್ಗದ ಇನ್ನೊಂದು ಮುಖ 2014ರ ಜನವರಿಯಲ್ಲಿ ಬಯಲಿಗೆ ಬಂದಿತು. ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದಲ್ಲಿ ಮಾರುವ ಐದು ಚಿಕ್ಕ ಕಾರುಗಳ ಆರಂಭದರ್ಜೆಯ ಮಾದರಿಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ತಡೆಗೋಡೆಗೆ ಬಡಿಸಿ ನೋಡಿತು. ಮಾರುತಿ ಆಲ್ಟೊ, ನ್ಯಾನೊ, ಹ್ಯುಂಡೈ ಐ10, ಫೋರ್ಡ್ ಫಿಗೊ, ಫೋಕ್ಸ್‌ವ್ಯಾಗನ್ ಪೋಲೊ - ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ನಕ್ಷತ್ರ. ಯಾವುದರಲ್ಲಿಯೂ ಗಾಳಿಚೀಲವಿರಲಿಲ್ಲ. ಇವುಗಳಲ್ಲಿ ಪೋಲೊವಿಗೆ ಎರಡು ಗಾಳಿಚೀಲಗಳನ್ನು ಸೇರಿಸಿ ಮತ್ತೆ ಪರೀಕ್ಷಿಸಿದಾಗ ನಾಲ್ಕು ನಕ್ಷತ್ರ ಬಂದವು. ಅಂದರೆ ಗಟ್ಟಿಯಾದ ಮೈಯನ್ನು ಕೊಟ್ಟೂ, ಚೀಲದ ಹಣ ಉಳಿಸಲು ಸೊನ್ನೆಗಿಳಿದಿದ್ದರು. ಗಿರಾಕಿ ಕೇಳಲಿಲ್ಲ, ಆದ್ದರಿಂದ ನಾವು ಕೊಡಲಿಲ್ಲ ಎಂಬುದು ಉದ್ಯಮದವರ ಸಾಮಾನ್ಯ ಸಮಾಧಾನ. ಕೇಳದಿದ್ದದ್ದು ನಿಜ. ಆದರೆ ಮೈಲೇಜನ್ನು ದೊಡ್ಡ ಅಕ್ಷರದಲ್ಲಿ ಅಚ್ಚುಹಾಕಿದವರು ಈ ಸೊನ್ನೆಯನ್ನು ಎಲ್ಲಿಯೂ ಅಚ್ಚುಹಾಕಿರಲಿಲ್ಲ. ತಿಳಿಯದೆ ಇದ್ದದ್ದನ್ನು ಕೇಳುವುದು ಹೇಗೆ?

ಇಲ್ಲಿಂದ ಕಥೆ ವಿಚಿತ್ರವಾದ ತಿರುವನ್ನು ತೆಗೆದುಕೊಂಡಿತು. ಅಗ್ಗದ ಹೆಸರಿನಿಂದ ಬಾಡಿದ ಅದೇ ಟಾಟಾ ಕಂಪನಿ, ಕ್ಷೇಮವನ್ನೇ ತನ್ನ ಗುರುತಾಗಿ ಕಟ್ಟಿಕೊಂಡಿತು. 2018ರ ಡಿಸೆಂಬರ್‌ನಲ್ಲಿ ಅದರ ನೆಕ್ಸಾನ್ ಆ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರಾಯಿತು. ಇತ್ತ ಕಾನೂನೂ ಎಚ್ಚೆತ್ತಿತು. 2019ರಿಂದ ಚಾಲಕನಿಗೆ, 2022ರಿಂದ ಪಕ್ಕದವನಿಗೂ ಗಾಳಿಚೀಲ ಕಡ್ಡಾಯವಾಯಿತು. 2020ರ ಹೊಗೆಯ ನಿಯಮ ಇನ್ನಷ್ಟು ಉಪಕರಣಗಳನ್ನು ಬೇಡಿತು. ಅಗ್ಗದ ಕಾರುಗಳು ಅಗ್ಗವಾಗಿ ಉಳಿಯಲಿಲ್ಲ. ಓಮ್ನಿ 2019ರಲ್ಲಿ, ಆಲ್ಟೊ 800 ಎಂಬುದು 2023ರಲ್ಲಿ ನಿಂತವು. ಕಾನೂನು ಬಡವನ ಕಾರನ್ನು ಕಸಿಯಿತೆಂದು ಒಂದು ಪಕ್ಷದ ರಸಿಕರು ವಾದಿಸುತ್ತಾರೆ: ಸೊನ್ನೆ ನಕ್ಷತ್ರದ ಕಾರೂ ಸ್ಕೂಟರಿಗಿಂತ ಕ್ಷೇಮವಲ್ಲವೆ, ಅದನ್ನು ತಪ್ಪಿಸಿ ಅವನನ್ನು ಸ್ಕೂಟರಿಗೆ ತಳ್ಳಿದಿರಿ ಎಂದು. ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೂ, ಇಬ್ಬರ ಚೀಲಗಳ ಹಣಕ್ಕಿಂತ ಎಷ್ಟೋ ಪಟ್ಟು ತೆರಿಗೆಯನ್ನು ಅದೇ ಪುಟ್ಟ ಕಾರಿನ ಮೇಲೆ ಹೊರಿಸಿ, ಬೆಲೆ ಏರಿದ್ದಕ್ಕೆ ಚೀಲವನ್ನಷ್ಟೇ ದೂರುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. 2025ರಲ್ಲಿ ತೆರಿಗೆ ಇಳಿದಾಗ ಚಿಕ್ಕ ಕಾರುಗಳ ಬೆಲೆಯೂ ಇಳಿಯಿತಲ್ಲ.

ನಡುವೆ ಇಂಧನದ ಬಗ್ಗೆ ಇನ್ನೊಂದು ಹೊಸ ಜಗಳ ಹುಟ್ಟಿದೆ; ಇದರಲ್ಲಿ ನಮ್ಮ ಕಬ್ಬಿನ ಸೀಮೆಯ ಪಾತ್ರವೂ ಉಂಟು. ಪೆಟ್ರೋಲಿಗೆ ನೂರಕ್ಕೆ 20ರಷ್ಟು ಎಥೆನಾಲ್ ಬೆರೆಸುವ ಕ್ರಮ 2025ರ ಹೊತ್ತಿಗೆ ದೇಶದಾದ್ಯಂತ ಹಬ್ಬಿತು. ಎಥೆನಾಲಿನ ಒಂದು ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಮೆ. ಆದ್ದರಿಂದ ಬೆರಕೆಯ ಇಂಧನದಲ್ಲಿ ಕಾರು ತುಸು ಕಡಮೆ ಓಡುವುದು ಸಹಜ. ಸರ್ಕಾರವೂ ಸ್ವಲ್ಪ ಇಳಿತವಿದೆಯೆಂದು ಒಪ್ಪಿತು. ಆಮದಾಗುವ ಕಚ್ಚಾತೈಲದ ಉಳಿತಾಯ, ಕಬ್ಬು ಬೆಳೆದವನಿಗೆ ಬರುವ ಹಣ, ಇವು ಒಂದು ತಟ್ಟೆಯಲ್ಲಿವೆ. ಇನ್ನೊಂದರಲ್ಲಿ, ಅದೇ ಬೆಲೆಗೆ ಕಡಮೆ ದೂರ ಓಡುವ ಲೀಟರನ್ನು ಕೊಳ್ಳುವವನ ಅಸಮಾಧಾನ. ಲೀಟರಿನ ಬೆಲೆಯೂ ಅದಕ್ಕೆ ತಕ್ಕಂತೆ ಇಳಿದಿದ್ದರೆ ಈ ಜಗಳ ಇಷ್ಟು ಜೋರಾಗುತ್ತಿರಲಿಲ್ಲ.

ಕಡೆಯದಾಗಿ ಹೆಸರಿನ ಮಾತು. ಅಗ್ಗದ ಕಾರಿನಿಂದ ಹೆಸರು ಮಾಡಿದವನಿಗೆ ದುಬಾರಿ ಕಾರನ್ನು ಮಾರುವುದು ಬಲು ಕಷ್ಟ. ಮಾರುತಿ 2011ರಲ್ಲಿ ಕಿಜಾಶಿ ಎಂಬ ಒಳ್ಳೆಯ ದೊಡ್ಡ ಕಾರನ್ನು ತಂದಿತು. ಹದಿನಾರು ಹದಿನೇಳು ಲಕ್ಷ ಕೊಟ್ಟು ಮಾರುತಿಯನ್ನೇ ಕೊಳ್ಳುವುದೆ ಎಂದು ಜನ ಮುಖ ತಿರುಗಿಸಿದರು. 2015ರಲ್ಲಿ ಆ ಕಂಪನಿ ಉಪಾಯ ಮಾಡಿತು: ನೆಕ್ಸಾ ಎಂಬ ಬೇರೆ ಹೆಸರಿನ, ಕಪ್ಪುಬಿಳುಪಿನ ಗಂಭೀರವಾದ ಅಂಗಡಿಗಳನ್ನು ತೆರೆದು ದುಬಾರಿ ಕಾರುಗಳನ್ನು ಅಲ್ಲಿಗೆ ಸಾಗಿಸಿತು. ಆಲ್ಟೊ ನಿಂತ ಅಂಗಳದಲ್ಲಿ ಬಲೆನೊ ನಿಲ್ಲುವುದು ತಪ್ಪಿತು.

ಟೊಯೋಟಾ ಕಂಪನಿಯದು ಇದರ ತಿರುವುಮುರುವು. ಬಿಡದಿಯ ಕಾರ್ಖಾನೆಯಿಂದ ಅದು ಮೊದಲು ಹೊರತಂದ ಕ್ವಾಲಿಸ್ ನೋಡಲು ಡಬ್ಬಿಯಂತಿತ್ತು. ರಸಿಕರು ಹಳಿದರು, ಟ್ಯಾಕ್ಸಿಯವರು ತಲೆಯ ಮೇಲೆ ಹೊತ್ತರು. ಕೆಡುವುದಿಲ್ಲ ಎಂಬ ಒಂದೇ ಹೆಸರನ್ನು ಅದು ಸಂಪಾದಿಸಿಕೊಟ್ಟಿತು. ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ 2005ರಲ್ಲಿ ಅದನ್ನು ನಿಲ್ಲಿಸಿ, ಆ ಹೆಸರಿನ ಬಲದ ಮೇಲೆಯೇ ಹೆಚ್ಚು ಬೆಲೆಯ ಇನ್ನೋವಾವನ್ನು ತಂದರು. 2019ರಲ್ಲಿ ಮಾರುತಿಯ ಬಲೆನೊ ಕಾರಿಗೇ ಟೊಯೋಟಾ ಮುದ್ರೆ ಹಾಕಿ ಗ್ಲಾಂಜಾ ಎಂದು ಮಾರಿದರು. 2022ರಲ್ಲಿ ಅದೇ ಬಿಡದಿಯಿಂದ ಎರಡು ಕಾರುಗಳು ಜೊತೆಯಾಗಿ ಹೊರಬಂದವು: ಮಾರುತಿಯ ಹೆಸರಿನ ಗ್ರ್ಯಾಂಡ್ ವಿಟಾರಾ, ಟೊಯೋಟಾ ಹೆಸರಿನ ಹೈರೈಡರ್. ಇಂಜಿನು, ಬ್ಯಾಟರಿ, ಪರೀಕ್ಷೆಯ ಅಂಕಿ ಎಲ್ಲ ಒಂದೇ. ಹೈಬ್ರಿಡ್ ಮಾದರಿಗೆ ಲೀಟರಿಗೆ 27.97 ಕಿಲೋಮೀಟರು. ಮೂತಿಯ ಜಾಲರಿ, ದೀಪದ ಆಕಾರ ಬೇರೆ. ಯಾವುದನ್ನು ಕೊಳ್ಳಬೇಕೆಂದು ಚರ್ಚಿಸುವ ರಸಿಕರು ಯಂತ್ರದ ಮಾತನ್ನು ಎತ್ತುವಂತೆಯೇ ಇಲ್ಲ. ಯಾರ ವಾರಂಟಿ ಉದ್ದ, ಯಾರ ಸರ್ವಿಸ್ ಶೆಡ್ಡು ಊರಿಗೆ ಹತ್ತಿರ, ಮಾರುವಾಗ ಯಾವ ಹೆಸರಿಗೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆ, ಯಾರು ಬೇಗ ಕೊಡುತ್ತಾರೆ ಎಂಬುದನ್ನಷ್ಟೇ ಅವರು ಕೇಳುತ್ತಾರೆ.